ಕನಸಿನ ಮದುವೆಯ ಗಂಡು

ನನ್ನ ಹೆಂಡತಿಗೆ ದಿನವೂ ಕನಸು ಬೀಳುತ್ತದೆ. ನನಗೆ ಬೀಳುವುದಿಲ್ಲ. ಮದುವೆಯಾದಾಗಿನಿಂದ ಬೆಳಗಿನ ಕಾಫಿ ಲೋಟದ ಜೊತೆ ಅವಳ ಕನಸೂ ನನ್ನ ಮುಂದೆ ಬರುತ್ತಿತ್ತು. ಹಲ್ಲು ಬಿತ್ತು, ಹಾವು ಅಟ್ಟಿಸಿಕೊಂಡು ಬಂತು, ಸತ್ತ ಅತ್ತೆ ಬಂದು ಉಪ್ಪು ಕೇಳಿದರು. ನಾನು ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಪೇಪರಿನಿಂದ ತಲೆಯೆತ್ತದೆ, "ಮುದ್ದೆ ಜಾಸ್ತಿ ಆಗಿರ್ಬೇಕು, ಅಜೀರ್ಣ ಕಣೇ" ಎನ್ನುತ್ತಿದ್ದೆ. "ನಿಮ್ಗೇನು ಗೊತ್ತು ಬುಡಿ" ಎಂದು ಅವಳು ಒಳಗೆ ಹೋಗುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು.

ಮೈಸೂರಿಗೆ ಹೋಗಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಕಾಫಿ ಮಾತ್ರ ಬರತೊಡಗಿತು, ಅದೂ ಸಕ್ಕರೆಯಿಲ್ಲದ್ದು. ಕನಸು ನಿಂತುಹೋಯಿತು. ಮೊದಮೊದಲು ಸದ್ಯ ಎಂದುಕೊಂಡೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಏನೋ ಕಳಕೊಂಡಂತೆ ಆಗತೊಡಗಿತು. "ಯಾಕೇ, ಕನಸು ಬೀಳ್ತಿಲ್ವಾ?" ಎಂದು ಕೇಳಿದೆ. "ಇಲ್ಲ ಕಣ್ರಿ" ಎಂದು ಲೋಟ ಎತ್ತಿಕೊಂಡು ಹೋದಳು.

ಶುದ್ಧ ಸುಳ್ಳು. ಕೊಳ್ಳೇಗಾಲದ ನಮ್ಮ ಬೀದಿಗೆ ಬೆಳಿಗ್ಗೆ ನಲ್ಲಿ ನೀರು ಬಿಡುತ್ತಾರೆ. ಪಕ್ಕದ ಮನೆಗೆ ಹೂಗ್ಯಂ ಕಡೆಯ ಒಬ್ಬ ಹೆಂಗಸು ಬಾಡಿಗೆಗೆ ಬಂದಿದ್ದಳು. ಹೂ ಕಟ್ಟಿ ಮಾರುವವಳು, ಮಾತಿನಲ್ಲಿ ಅರ್ಧ ತಮಿಳು. ಕೊಡ ತುಂಬುವಷ್ಟರಲ್ಲಿ ನನ್ನ ಹೆಂಡತಿ ಅವಳ ಕಿವಿಯಲ್ಲಿ ಪಿಸಪಿಸ ಎನ್ನುವುದು, ಆಕೆ "ಅಪ್ಪುಡಿಯಾ ಅಕ್ಕಾ" ಎಂದು ಬಾಯಿ ಬಿಡುವುದು ಕಿಟಕಿಯಿಂದ ಕಾಣುತ್ತಿತ್ತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮೂವತ್ತು ವರ್ಷದ ನನ್ನ ಪಾಲು ನಿನ್ನೆ ಮೊನ್ನೆ ಬಂದವಳಿಗೆ ಹೋಗಿತ್ತು! ನಾನು ಅಜೀರ್ಣ ಎಂದದ್ದು ನಿಜ, ಆದರೆ ಕೇಳಿಸಿಕೊಂಡದ್ದಂತೂ ಹೌದಲ್ಲ?

ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ದಿನ ಬಚ್ಚಲುಮನೆಯ ಕಿಟಕಿಗೆ ಕಿವಿ ಕೊಟ್ಟು ನಿಂತೆ.

"ಮತ್ತೆ ಅದೇ ಮದ್ವೆ ಕಣಮ್ಮಿ," ನನ್ನ ಹೆಂಡತಿಯ ದನಿ. "ಚಪ್ಪರ, ವಾಲಗ ಎಲ್ಲಾ ಜೋರು. ಗಂಡು ಬಿಳಿ ಪಂಚೆ ಉಟ್ಕಂಡು, ಬಾಸಿಂಗ ಕಟ್ಕಂಡು ಕುಂತದೆ. ನಾನು ಕೂಗ್ತೀನಿ, ತಿರುಗಿ ನೋಡಾದೇ ಇಲ್ಲ."

"ಅಯ್ಯೋ ಕಡವುಳೇ! ಮನೇಲಿ ಯಾರ್ಗೂ ಏಳ್ಬೇಡ ಅಕ್ಕ," ಎಂದಳು ಆಕೆ.

ಸಾಕಲ್ಲ? ಗಂಡು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹನೂರಿನಲ್ಲಿ ಗೊಬ್ಬರದ ಅಂಗಡಿಯಿಟ್ಟಿರುವ ಅವಳ ಸೋದರಮಾವನ ಮಗ. ನನಗೆ ಕೊಡುವ ಮೊದಲು ಅವನಿಗೆ ಕೊಡುವ ಮಾತಾಗಿತ್ತು. ಇವತ್ತಿಗೂ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲೇ ಓಡಾಡುತ್ತಾನೆ, ತಲೆಯಲ್ಲಿ ಒಂದು ಕೂದಲೂ ಉದುರಿಲ್ಲ. ನನ್ನ ಆರೋಗ್ಯ ವಿಚಾರಿಸಲು ಮನೆಗೆ ಬಂದಾಗ ಇವಳು ಅವನಿಗೆ ಸಕ್ಕರೆ ಹಾಕಿದ ಕಾಫಿ ಕೊಟ್ಟಿದ್ದಳು. ಎರಡು ಲೋಟ! ಮೂರು ದಿನ ನಾನು ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಸಾರಿಗೆ ಖಾರವಿಲ್ಲ ಎಂದೆ, ಬಟ್ಟೆ ಒಗೆದದ್ದು ಸರಿಯಿಲ್ಲ ಎಂದೆ. "ಏನಾಗದೆ ನಿಮ್ಗೆ? ಎದೆ ಗಿದೆ ನೋಯ್ತಾ ಅದಾ?" ಎಂದು ಅವಳು ಹಣೆ ಮುಟ್ಟಲು ಬಂದರೆ ಮುಖ ತಿರುಗಿಸಿದೆ.

ನಾಲ್ಕನೆಯ ದಿನ ಅವಳು ತರಕಾರಿಗೆ ಹೋದಾಗ ತಡೆಯಲಾಗಲಿಲ್ಲ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಆಕೆಯ ಮುಂದೆ ಹೋಗಿ ನಿಂತೆ. "ನೋಡಮ್ಮ, ನನ್ ಹೆಂಡ್ತಿ ಕನಸಲ್ಲಿ ಬರೋ ಆ ಗಂಡು ಹನೂರೋನು ತಾನೆ?"

ಆಕೆಯ ಕೈಯಲ್ಲಿದ್ದ ದಾರ ಹಾಗೇ ನಿಂತಿತು. "ಯಾವ ಹನೂರು ಸಾ? ಗಂಡು ನೀವೇಯ."

ಹಿಡಿಸಲಾರದಷ್ಟು ಖುಷಿಯಾಗಿ ನಕ್ಕೇಬಿಟ್ಟೆ. ಆಕೆ ನಗಲಿಲ್ಲ.

"ನಗ್ಬೇಡಿ ಸಾ. ಕನವಲ್ಲಿ ಮದ್ವೆ ಕಂಡ್ರೆ ಸಾವು ಅಂತಾರಲ್ಲ, ಗೊತ್ತಿಲ್ವಾ? ನೀವು ಆಸ್ಪತ್ರೆಯಿಂದ ಬಂದಾಗ್ನಿಂದ ಅಕ್ಕಂಗೆ ಅದೇ ಬೀಳ್ತದೆ. ಮನೆಯೋರ್ಗೆ ಏಳುದ್ರೆ ನಿಜ ಆಗ್ಬುಡ್ತದೆ ಅಂತ ಒರಗ್ನೋರ ಕಿವಿಗೆ ಆಕ್ತಾರೆ. ನಲ್ಲಿ ಬುಟ್ಕಂಡು ಏಳ್ತಾರೆ, ನೀರಲ್ಲಿ ಓಗ್ಬುಡ್ಲಿ ಅಂತ. ನಾನು ಏಳ್ದೆ ಅನ್ಬೇಡಿ ಸಾ."

ನನಗೆ ಗೊತ್ತಿರಬೇಕಾಗಿತ್ತು. ಮುಳ್ಳೂರಿನಲ್ಲಿ ನನ್ನವ್ವ ಕೆಟ್ಟ ಕನಸು ಬಿದ್ದ ಬೆಳಿಗ್ಗೆ ನಮ್ಮ ಯಾರ ಮುಖವನ್ನೂ ನೋಡದೆ ಕಾಲುವೆಗೆ ಹೋಗಿ ನೀರಿಗೆ ಹೇಳಿ ಬರುತ್ತಿದ್ದಳು. ವಿಜ್ಞಾನ ಓದಿದ ಮೇಲೆ ಅದನ್ನು ಮರೆತವನು ನಾನು. ಮನೆಗೆ ಬಂದು ಕೂತೆ. ಅಷ್ಟು ದಿನವೂ ಇವಳು ನನ್ನ ಸಾವು ಕಂಡು ಎದ್ದು, ಕೊಡ ಹಿಡಿದು ಹೋಗಿ, ಬಂದು ನನಗೆ ಕಾಫಿ ಕೊಟ್ಟಿದ್ದಳು. ನಾನು ಹನೂರಿನವನ ಪಂಚೆ ನೋಡುತ್ತಾ ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರನೆಯ ಬೆಳಿಗ್ಗೆ ಅವಳು ಕೊಡ ಎತ್ತಿಕೊಳ್ಳುತ್ತಿದ್ದಂತೆ ಕರೆದೆ. "ಲೇ, ಬಾ ಇಲ್ಲಿ. ನಂಗೊಂದು ಕನಸು ಬಿತ್ತು."

"ನಿಮ್ಗಾ?"

"ಹ್ಞೂಂ. ನಾನೇ ಸತ್ತೋದಂಗೆ. ಚಟ್ಟದ ಮೇಲೆ ಮಲಗ್ಸಿದ್ರು, ನೀನು ಅಳ್ತಾ ಇದ್ದೆ."

ಕನಸಿನಲ್ಲಿ ಸತ್ತವನ ಆಯಸ್ಸು ಗಟ್ಟಿ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವಳು ನನ್ನನ್ನೇ ನೋಡಿದಳು. "ನಿಜ್ವಾಗ್ಲೂ ಬಿತ್ತಾ? ಅಜೀರ್ಣ ಅಲ್ವಲ್ಲ?"

"ನಾನು ರಾತ್ರಿ ತಿಂದಿದ್ದು ಎರಡೇ ಇಡ್ಲಿ ಕಣೇ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಕೊಡ ಕೆಳಗಿಟ್ಟು ನನ್ನ ಪಕ್ಕ ಕೂತು, "ಸರಿಯಾಗಿ ಬುಡ್ಸಿ ಏಳಿ. ಯಾರ್‍ಯಾರು ಬಂದಿದ್ರು?" ಎಂದಳು.

"ಹನೂರೋನು ಬಂದಿರ್ಲಿಲ್ಲ" ಎಂದೆ.

ಹೊರಗಿನಿಂದ ಹೂವಿನವಳು, "ಅಕ್ಕಾ, ನೀರು ಬುಟ್ರು" ಎಂದು ಕೂಗಿದಳು. ಮತ್ತೊಮ್ಮೆ ಕೂಗಿದಳು. ಇವಳು ನನ್ನ ಪಕ್ಕ ಕೂತೇ ಇದ್ದಳು.