ತಿದ್ದಕ್ಕ ಕಟ್ಟಿದ ಪ್ರೋಗ್ರಾಮು

ನಮ್ಮ ಬ್ರೈಲ್ ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ತಿದ್ದಕ್ಕ ಅಂತ. ಪ್ರೂಫ್ ತಿದ್ದುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು, ಅದೇ ಕುರ್ಚಿ. ನಾನು ಅಲ್ಲಿ ಬೈಂಡರ್. ಅವರ ಮೇಜಿಗೂ ನನ್ನ ಹಲಗೆಗೂ ನಾಲ್ಕು ಹೆಜ್ಜೆ ದೂರ. ಹಾಗಾಗಿ ಇದು ಯಾರೋ ಹೇಳಿದ ಸುದ್ದಿಯಲ್ಲ, ನಾನೇ ಪಕ್ಕದಲ್ಲಿದ್ದು ನೋಡಿದ್ದು.

ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಅವರಿಗೆ ದೃಷ್ಟಿ ಹೋಯಿತು. ಅಪ್ಪ ದರ್ಜಿ. ಮಗಳನ್ನು ಮನೆಯಲ್ಲಿ ಸುಮ್ಮನೆ ಕೂರಿಸಲು ಮನಸ್ಸಾಗದೆ ಅಂಗಡಿಗೆ ಕರೆದುಕೊಂಡು ಹೋಗಿ ಗುಂಡಿ ಹೊಲಿಯಲು ಕೂರಿಸಿದರು. "ಬೆರಳಿಗೆ ಕಣ್ಣು ಬಂದದ್ದು ಅಲ್ಲೇ" ಅನ್ನುತ್ತಿದ್ದರು ತಿದ್ದಕ್ಕ. ಆಮೇಲೆ ಶಾಲೆ, ಬ್ರೈಲ್, ಟೈಪಿಂಗ್, ಈ ಕೆಲಸ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಮಾತಿಗೆ ನಿಂತರೆ ಸೋಲದ ಅತ್ತೆ. ಪ್ರೂಫಿನಲ್ಲಿ ತಪ್ಪು ಕೈಗೆ ತಗುಲಿದರೆ ತಿದ್ದಕ್ಕ ಮೆಲ್ಲಗೆ "ಸಿಕ್ಕಿಬಿದ್ದೆಯಾ" ಅನ್ನುವರು. ದಿನಕ್ಕೆ ಹತ್ತು ಸಲವಾದರೂ ಅದು ನನ್ನ ಕಿವಿಗೆ ಬೀಳುತ್ತಿತ್ತು.

ಶಾಲೆಗಳು ತೆರೆಯಲು ಐದು ವಾರ ಇತ್ತು. ಐದನೇ ತರಗತಿಯ ಗಣಿತದ ಪುಸ್ತಕ, ನಲವತ್ತೊಂದು ಪ್ರತಿ ಆಗಬೇಕಿತ್ತು. ಅಂಥ ಹೊತ್ತಿಗೆ ಕಂಪ್ಯೂಟರಿನ ಹಿಂಬದಿಯಿಂದ ಹೊಗೆ ಬಂತು. ವಾಸನೆ ಮೊದಲು ಹಿಡಿದದ್ದು ತಿದ್ದಕ್ಕನೇ. "ಸ್ವಿಚ್ ತೆಗೀರಿ!" ಅಂತ ಕೂಗಿದರು. ನಾನು ಓಡಿಹೋಗಿ ತೆಗೆದೆ. ಅಷ್ಟರಲ್ಲಿ ಅದರ ಕತೆ ಮುಗಿದಿತ್ತು.

ಕಂಪ್ಯೂಟರ್ ಅಂಗಡಿಯವನು ಹೊಸದನ್ನು ತಂದು ಜೋಡಿಸಿದ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮನ್ನೂ ತಿದ್ದಕ್ಕನಿಗಾಗಿ ಹಾಕಿದ. ಆದರೆ ಮುಖ್ಯವಾದದ್ದೇ ಇಲ್ಲ. ಟೈಪು ಮಾಡಿದ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಾಗಿ ಬದಲಿಸುವ ಪ್ರೋಗ್ರಾಮು ಹಳೇ ಕಂಪ್ಯೂಟರಿನಲ್ಲಿ ಒಂದಿತ್ತು. ಅದು ಬದಲಿಸಿ ಕೊಟ್ಟರೆ ಮಾತ್ರ ಮೂಲೆಯಲ್ಲಿರುವ ದೊಡ್ಡ ಯಂತ್ರ ದಪ್ಪ ಕಾಗದದ ಮೇಲೆ ಚುಕ್ಕೆ ಒತ್ತುತ್ತಿತ್ತು.

"ಹಳೇದು ಇದರಲ್ಲಿ ಓಡಲ್ಲ ಸಾರ್. ಅದನ್ನ ಮಾಡಿದ ಕಂಪನಿನೇ ಬಾಗಿಲು ಹಾಕಿದೆ" ಅಂದ ಅಂಗಡಿಯವನು.

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತರು. ಬೇರೆ ಊರಿನ ಮುದ್ರಣಾಲಯಕ್ಕೆ ಫೋನು ಮಾಡಿದರೆ ಅವರು ಮೂರು ತಿಂಗಳು ಅಂದರು.

ಮಾರನೇ ದಿನ ತಿದ್ದಕ್ಕ ಮ್ಯಾನೇಜರ್ ಕೋಣೆಗೆ ಹೋದರು. "ಇಂಥದ್ದೇ ಇನ್ನೊಂದು ಪ್ರೋಗ್ರಾಮು ಇದೆ ಸಾರ್. ಬೇರೆ ಬೇರೆ ದೇಶದವರು ಸೇರಿ ಬರೆದಿರೋದು, ಯಾರು ಬೇಕಾದರೂ ತಗೋಬಹುದು. ಆದರೆ ಸಿದ್ಧವಾಗಿ ಸಿಗಲ್ಲ. ಅದರ ಸೋರ್ಸ್ ಕೋಡ್ ಇಟ್ಟಿದ್ದಾರೆ, ನಾವೇ ಕಟ್ಟಿಕೋಬೇಕು."

"ಕಟ್ಟಿಕೊಳ್ಳೋದು ಅಂದ್ರೆ?"

"ಅಪ್ಪನ ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ. ಸಿದ್ಧ ಅಂಗಿ ಕೊಟ್ಟಿಲ್ಲ. ಬಟ್ಟೆ, ದಾರ, ಕತ್ತರಿಸೋ ನಕ್ಷೆ ಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರಿನ ಅಳತೆಗೆ ಹೊಲಿಯೋದು ನಮ್ಮ ಕೆಲಸ."

"ನಿಮಗೆ ಬರುತ್ತಾ?"

"ಬರಲ್ಲ. ಹೇಗೆ ಮಾಡೋದು ಅಂತ ಬರೆದಿಟ್ಟಿದ್ದಾರೆ. ಓದೋಕೆ ಬರುತ್ತಲ್ಲ."

ಮ್ಯಾನೇಜರಿಗೆ ಬೇರೆ ದಾರಿ ಇರಲಿಲ್ಲ. ಹೂಂ ಅಂದರು.

ತಿದ್ದಕ್ಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತರು. ಪರದೆಯ ಮೇಲೆ ಚಿತ್ರವಿಲ್ಲ, ಬಟನ್ ಇಲ್ಲ. ಕಪ್ಪು ಬಯಲು, ಅದರಲ್ಲಿ ಬಿಳಿ ಅಕ್ಷರದ ಒಂದು ಸಾಲು. ನನಗೆ ನೋಡಿದರೇ ಗಾಬರಿ. ಅವರಿಗೆ ಅದೇ ಸಲೀಸು. ಬಾಣದ ಗುರುತನ್ನು ಎಲ್ಲೆಲ್ಲೋ ಒಯ್ದು ಕ್ಲಿಕ್ ಮಾಡುವ ರಗಳೆ ಇಲ್ಲ. ಒಂದು ಮಾತು ಟೈಪು ಮಾಡಿದರೆ ಅದು ಒಂದು ಮಾತು ಉತ್ತರ ಕೊಡುತ್ತದೆ.

ಮೊದಲ ಆಜ್ಞೆ ಕಾನ್ಫಿಗರ್. ಅಡುಗೆಗೆ ಇಳಿಯುವ ಮುಂಚೆ ಡಬ್ಬ ಡಬ್ಬ ತೆರೆದು ನೋಡುವ ಹಾಗೆ, ಕಟ್ಟಲು ಬೇಕಾದದ್ದೆಲ್ಲ ಕಂಪ್ಯೂಟರಿನಲ್ಲಿ ಇದೆಯೇ ಅಂತ ಅದು ಹುಡುಕುತ್ತದೆ. ಮೂರನೇ ಡಬ್ಬಕ್ಕೇ ನಿಂತಿತು. ಕಂಪೈಲರ್ರೇ ಇಲ್ಲ, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಮಾಡುವ ಸಾಧನವೇ ಇಲ್ಲ. ಅದನ್ನು ತರಿಸಲು ಅಂಗಡಿಯವನಿಗೆ ಫೋನು ಹೋಯಿತು. ಅವನು ಬಂದ, ಗೊಣಗುತ್ತಾ ಹಾಕಿಕೊಟ್ಟ, ಕಂಪ್ಯೂಟರಿಗೆ ಹೊಸದೇನು ಹಾಕಬೇಕಾದರೂ ಬೇಕಾಗುವ ಪಾಸ್‌ವರ್ಡನ್ನು ಮಾತ್ರ ಯಾರಿಗೂ ಹೇಳದೆ ಹೋದ.

ಈಗ ಎರಡನೇ ಆಜ್ಞೆ, ಮೇಕ್. ಕಟ್ಟುವ ಕೆಲಸ ಶುರುವಾಯಿತು. ಸಾಲುಗಳು ಸುರಿದವು. ಓದಿ ಹೇಳುವ ಪ್ರೋಗ್ರಾಮು ಅವುಗಳ ಹಿಂದೆ ಓಡಿ ಓಡಿ ಉಸಿರು ಕಟ್ಟಿ ಸುಮ್ಮನಾಯಿತು.

"ಸ್ವಲ್ಪ ಬನ್ನಿ ಇಲ್ಲಿ. ಕೊನೇ ಸಾಲು ಏನಿದೆ ನೋಡಿ" ಅಂದರು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದೊಂದೇ ಅಕ್ಷರ ಹೇಳಿದೆ. "ಇ, ಆರ್, ಆರ್, ಓ, ಆರ್. ಆಮೇಲೆ ಎರಡು."

"ಎರರ್. ಸರಿ, ಮೇಲೆ ಹೋಗಿ. ಇನ್ನೂ ಮೇಲೆ. ಮೊಟ್ಟಮೊದಲು ಎರರ್ ಅಂತ ಎಲ್ಲಿದೆ?"

"ಕೊನೇದು ಸಾಲದಾ?"

"ಪ್ರೂಫಲ್ಲಿ ಒಂದು ಸಾಲು ಬಿಟ್ಟುಹೋದರೆ ಆಮೇಲಿನ ಪುಟದ ನಂಬರೆಲ್ಲ ತಪ್ಪುತ್ತೆ. ನಂಬರ್ ತಿದ್ದುತ್ತಾ ಕೂತರೆ ಆಯ್ತಾ? ಬಿಟ್ಟ ಸಾಲು ಹುಡುಕಬೇಕು."

ಅರವತ್ತು ಸಾಲು ಮೇಲೆ ಸಿಕ್ಕಿತು. ಅದನ್ನು ಓದುವಷ್ಟರಲ್ಲಿ ನನಗೆ ಬೆವರು. "ಅದು ಓ ನೋ ಸೊನ್ನೆನೋ?" ಅಂತ ಅವರು, "ಎರಡೂ ದುಂಡಗಿದೆಯಲ್ಲ ತಾಯಿ" ಅಂತ ನಾನು. ಇನ್ನೊಂದು ಚಿಕ್ಕ ಪ್ರೋಗ್ರಾಮಿನ ಕಡತಗಳು ಬೇಕಿದ್ದವು, ಅವು ಇರಲಿಲ್ಲ. ಅದರ ಸೋರ್ಸನ್ನೂ ತಂದು ಮೊದಲು ಅದನ್ನು ಕಟ್ಟಬೇಕಾಯಿತು.

ಭಾನುವಾರ ಮ್ಯಾನೇಜರ್ ಒಪ್ಪಿಗೆ ಕೊಟ್ಟು ಮುದ್ರಣಾಲಯದ ಲ್ಯಾಪ್‌ಟಾಪನ್ನು ಮನೆಗೆ ಕಳಿಸಿದರು. ತಿದ್ದಕ್ಕ ಅದರಲ್ಲೂ ಮೊದಲಿನಿಂದ ಕಟ್ಟಿ ನೋಡಿದರಂತೆ. ಅತ್ತೆ ಬಟಾಣಿ ಸುಲಿಯುತ್ತಾ ಎದುರಿಗೆ ಕೂತಿದ್ದರಂತೆ. ಆ ಯಂತ್ರದ ದನಿ ಅರ್ಧ ಗಂಟೆ ಬಡಬಡಿಸಿದ್ದನ್ನು ಕೇಳಿ, "ಇವನ್ಯಾರೇ, ಉಸಿರೇ ತಗೊಳ್ಳದೆ ಮಾತಾಡ್ತಾನೆ? ನನ್ನನ್ನ ಬಾಯಿಬಡುಕಿ ಅಂತೀಯಲ್ಲ!" ಅಂದರಂತೆ. ಸೋಮವಾರ ಇದನ್ನು ಹೇಳಿ ತಿದ್ದಕ್ಕ ಬಹಳ ನಕ್ಕರು.

ಸೋಮವಾರ ಮಧ್ಯಾಹ್ನ ಮೇಕ್ ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. ಉಳಿದದ್ದು ಮೂರನೇ ಆಜ್ಞೆ, ಮೇಕ್ ಇನ್‌ಸ್ಟಾಲ್. ಕಟ್ಟಿದ್ದನ್ನು ಕಂಪ್ಯೂಟರಿನಲ್ಲಿ ಅದರ ಜಾಗದಲ್ಲಿ ಕೂರಿಸುವುದು. ಅದು ತಕ್ಷಣ ಬೇಡ ಅಂದಿತು. ನಿಮಗೆ ಅನುಮತಿ ಇಲ್ಲ.

ಮತ್ತೆ ಅಂಗಡಿಯವನಿಗೆ ಫೋನು. ಸ್ಪೀಕರಿನಲ್ಲಿ ಹಾಕಿದ್ದರು, ನಾನೂ ಕೇಳಿಸಿಕೊಂಡೆ.

"ಪಾಸ್‌ವರ್ಡ್ ಕೊಡಕ್ಕಾಗಲ್ಲ ಮೇಡಂ. ಏನಾದರೂ ಕೆಟ್ಟರೆ ನನ್ನ ತಲೆಗೆ ಬರುತ್ತೆ. ದಯವಿಟ್ಟು ಆ ಕಪ್ಪು ಪರದೇಲಿ ಕೈಯಾಡಿಸಬೇಡಿ."

"ನನಗೆ ಎಲ್ಲಾ ಪರದೆನೂ ಕಪ್ಪೇ ಅಲ್ಲವೇನಪ್ಪ" ಅಂದರು ತಿದ್ದಕ್ಕ.

ಅವನು ತಡವರಿಸಿ ಏನೋ ಕ್ಷಮೆ ಕೇಳಿದ. ಪಾಸ್‌ವರ್ಡ್ ಮಾತ್ರ ಕೊಡಲಿಲ್ಲ.

ತಿದ್ದಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಸೂಚನೆಯ ಕಡತವನ್ನು ಮತ್ತೆ ಮೊದಲಿನಿಂದ ಕೇಳಿಸಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ಮೇಜು ತಟ್ಟಿದರು. "ಇಲ್ಲಿದೆ! ಎಲ್ಲರ ಜಾಗದಲ್ಲೇ ಕೂರಿಸಬೇಕು ಅಂತೇನಿಲ್ಲ. ನನ್ನದೇ ಫೋಲ್ಡರಿನಲ್ಲಿ ಕೂರಿಸಬಹುದು. ಕಾನ್ಫಿಗರ್ ಮಾಡುವಾಗಲೇ ಜಾಗ ಹೇಳಬೇಕಿತ್ತು ಅಷ್ಟೆ." ಮತ್ತೆ ಕಾನ್ಫಿಗರ್, ಮತ್ತೆ ಮೇಕ್, ಮತ್ತೆ ಇನ್‌ಸ್ಟಾಲ್. ಈ ಸಲ ಯಾರ ಅನುಮತಿಯೂ ಬೇಕಾಗಲಿಲ್ಲ. ಪ್ರೋಗ್ರಾಮಿನ ಹೆಸರು ಟೈಪು ಮಾಡಿದರೆ ಅದು ಓಗೊಟ್ಟಿತು.

ಮೂಲೆಯ ಯಂತ್ರ ಟಕಟಕ ಅಂತ ಶುರುವಾದಾಗ ಮ್ಯಾನೇಜರ್ ಚಹಾದ ಲೋಟ ಹಿಡಿದೇ ಕೋಣೆಯಿಂದ ಹೊರಗೆ ಬಂದರು. ತಿದ್ದಕ್ಕ ಬಿಸಿ ಬಿಸಿ ಪುಟಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳು ಓಡಿಸಿದರು. ಮೂರನೇ ಪುಟದಲ್ಲಿ ಬೆರಳು ನಿಂತಿತು.

"ಸಿಕ್ಕಿಬಿದ್ದೆಯಾ."

ಬ್ರೈಲಿನಲ್ಲಿ ಅಂಕಿಗೆ ಬೇರೆ ಚುಕ್ಕೆಗಳಿಲ್ಲ. ಅಕ್ಷರದ ಚುಕ್ಕೆಗಳಿಗೆ ಮೊದಲು ಅಂಕಿಯ ಗುರುತು ಇಟ್ಟರೆ ಅದು ಅಂಕಿ. ಎರಡು ಅಂಕಿಗಳ ಮಧ್ಯೆ ಅಡ್ಡಗೆರೆ ಬಂದರೆ, ನಾವು ಅನುಸರಿಸುವ ಕ್ರಮದಲ್ಲಿ, ಗೆರೆಯಾದ ಮೇಲೆ ಆ ಗುರುತನ್ನು ಮತ್ತೆ ಇಡಬೇಕು. ಪ್ರೋಗ್ರಾಮು ಇಡುತ್ತಿರಲಿಲ್ಲ. ಗಣಿತದ ಪುಸ್ತಕದ ತುಂಬ ಅಂಕಿ ಇರಬೇಕಾದ ಕಡೆ ಅಕ್ಷರ ಬಂದು ಕೂತಿತ್ತು.

"ಹೋಗ್ಲಿ ಬಿಡಿ, ಮಕ್ಕಳು ಊಹಿಸಿಕೊಳ್ತಾರೆ" ಅಂದರು ಮ್ಯಾನೇಜರ್. ಸಮಯದ ಭಯ ಅವರಿಗೆ.

"ಹತ್ತು ವರ್ಷದ ಮಗು ಪುಸ್ತಕ ತಪ್ಪು ಅಂದುಕೊಳ್ಳಲ್ಲ ಸಾರ್. ನನಗೆ ಗಣಿತ ಬರಲ್ಲ ಅಂದುಕೊಳ್ಳುತ್ತೆ."

ಅವತ್ತೇ ಪ್ರೋಗ್ರಾಮು ಬರೆದವರಿಗೆ ಇಮೇಲ್ ಹಾಕಿದರು. ಯಾವ ಪುಟ, ಏನು ಬರಬೇಕಿತ್ತು, ಏನು ಬಂತು, ಎಲ್ಲ ಪ್ರೂಫ್ ಚೀಟಿಯ ಹಾಗೆ. ಎರಡನೇ ದಿನ ಉತ್ತರ ಬಂತು. ಬರೆದವನು ಯಾವ ದೇಶದವನೋ. ನೀವು ಹೇಳಿದ್ದು ಸರಿ, ತಪ್ಪು ಈ ಕಡತದ ಈ ಸಾಲಿನಲ್ಲಿ ಇರಬಹುದು, ಆದರೆ ನಿಮ್ಮ ಕ್ರಮವನ್ನು ಬೆರಳಿನಿಂದ ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ, ತಿದ್ದಿ ನೋಡುತ್ತೀರಾ ಅಂತ ಕೇಳಿದ್ದ.

ತಿದ್ದಕ್ಕ ಆ ಸಾಲು ತಿದ್ದಿದರು, ಮೇಕ್ ಹಾಕಿದರು, ಒಂದು ಪುಟ ಒತ್ತಿಸಿ ಓದಿದರು. ಸರಿಯಿಲ್ಲ. ಇನ್ನೊಂದು ರೀತಿ ತಿದ್ದಿದರು. ಹತ್ತು ಸಲ ಹೀಗಾಯಿತು. ಎಣಿಸಿದವನು ನಾನು, ಕಾಗದ ತುಂಬುತ್ತಿದ್ದವನು ನಾನೇ ಆದ್ದರಿಂದ. ಹನ್ನೊಂದನೆಯ ಸಲ ಒತ್ತಿಸಿದ ಪುಟದ ಮೇಲೆ ಬೆರಳು ಒಂದೇ ಸಮನೆ ಕೊನೆಯವರೆಗೆ ಹೋಯಿತು. "ಹಾಂ" ಅಂದರು. ಅಷ್ಟೇ.

ತಿದ್ದಿದ ಸಾಲನ್ನು ಅವನಿಗೆ ಕಳಿಸಿದರು. ಅವನು ಅದನ್ನು ಎಲ್ಲರಿಗೂ ಹೋಗುವ ಪ್ರೋಗ್ರಾಮಿನಲ್ಲಿ ಸೇರಿಸಿದ. ದುಡಿದವರ ಪಟ್ಟಿಯ ಕಡತದಲ್ಲಿ ಇವರ ಹೆಸರೂ ಬಂತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಪುಸ್ತಕ ತಿದ್ದಿದ್ದರೋ, ಒಂದರಲ್ಲೂ ಅವರ ಹೆಸರಿರಲಿಲ್ಲ. ಅದರ ಬಗ್ಗೆ ಅವರು ಎಂದೂ ಮಾತಾಡಿದವರಲ್ಲ. ಆ ದಿನ ಮಾತ್ರ ಇಯರ್‌ಫೋನ್ ಕಿತ್ತು, ಆ ಸಾಲನ್ನು ಗಟ್ಟಿಯಾಗಿ ಮೂರು ಸಲ ಓದಿಸಿದರು. ಯಂತ್ರ ಅವರ ಹೆಸರನ್ನು ತೀರಾ ಕೆಟ್ಟದಾಗಿ ಉಚ್ಚರಿಸಿತು. ಅವರು ತಿದ್ದಲು ಹೋಗಲಿಲ್ಲ.

ನಲವತ್ತೊಂದು ಪ್ರತಿ ಶಾಲೆ ತೆರೆದ ಎರಡನೇ ದಿನ ಹೋದವು. ಒಂದು ದಿನ ತಡ, ಅದು ನನ್ನ ಬೈಂಡಿಂಗಿನಿಂದ. ಅಂಗಡಿಯವನು ಆಮೇಲೊಂದು ದಿನ ತಾನಾಗಿಯೇ ಬಂದು ಪಾಸ್‌ವರ್ಡ್ ಬರೆದ ಚೀಟಿಯನ್ನು ಮ್ಯಾನೇಜರ್ ಕೈಗೆ ಕೊಟ್ಟ. ಹೋಗುವ ಮುಂಚೆ ತಿದ್ದಕ್ಕನ ಪಕ್ಕ ಸ್ಟೂಲ್ ಎಳೆದುಕೊಂಡು, ಇದನ್ನು ಕಟ್ಟಿದ್ದು ಹೇಗೆ ಅಂತ ಒಂದು ಗಂಟೆ ಕೇಳಿ ತಿಳಿದುಕೊಂಡ.

ಎರಡು ತಿಂಗಳಾದ ಮೇಲೆ ಒಂದು ಶಾಲೆಯಿಂದ ಬ್ರೈಲಿನಲ್ಲಿ ಕಾಗದ ಬಂತು. ಐದನೇ ತರಗತಿಯ ಹುಡುಗಿ ಬರೆದದ್ದು. ಎಂಬತ್ತೆಂಟನೇ ಪುಟದ ಏಳನೇ ಲೆಕ್ಕದ ಉತ್ತರ ತಪ್ಪಾಗಿದೆ, ನಾನು ನಾಲ್ಕು ಸಲ ಮಾಡಿ ನೋಡಿದೆ ಅಂತ. ತಿದ್ದಕ್ಕನ ಮುಖ ಸಪ್ಪಗಾಯಿತು. ನನ್ನಿಂದ ಮೂಲ ಪುಸ್ತಕ ತೆಗೆಸಿ ಓದಿಸಿದರು. ಮೂಲದಲ್ಲೇ ತಪ್ಪಿತ್ತು. ಕಣ್ಣಿದ್ದವರು ಅಚ್ಚು ಹಾಕಿದ್ದು.

"ಈ ಹುಡುಗಿಗೆ ಈಗಲೇ ಒಂದು ಉತ್ತರ ಬರೀಬೇಕು" ಅಂದು ತಿದ್ದಕ್ಕ ದಪ್ಪ ಕಾಗದ ಎಳೆದುಕೊಂಡರು.