ಹತ್ತೊಂಬತ್ತನೆಯ ಚೌಕ

ಹಲಸೂರು ಕೆರೆಯಿಂದ ಕೃಷ್ಣರಾಜಪುರದವರೆಗೆ, ಬೆಂಗಳೂರು ದಂಡಿನ ಈ ಪೂರ್ವಭಾಗದಲ್ಲಿ ಕನ್ನಡದಲ್ಲಿ ಲೆಕ್ಕ ಕಲಿತವರು ಯಾರೇ ಆಗಲಿ, ನೇರವಾಗಿಯೋ ಬಳಸಿಯೋ ಶ್ರೀ ಚಲುವಯ್ಯನವರ ಶಿಷ್ಯರೇ. ತಮಿಳು, ಉರ್ದು, ಇಂಗ್ಲಿಷುಗಳ ನಡುವೆ ಕನ್ನಡ ಶಾಲೆಯ ಬಾಗಿಲು ತೆರೆದಿಡುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಮೂವತ್ತೊಂದು ವರ್ಷ ಒಂದೇ ಶಾಲೆಯಲ್ಲಿ ಗಣಿತ ಹೇಳಿ, ೧೯೪೯ರ ಈ ಮಾರ್ಚಿಯಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ; ಸೇರಿದಾಗ ಇದ್ದಂತೆ ಸಹಾಯಕ ಉಪಾಧ್ಯಾಯರಾಗಿಯೇ. ಇಂಥವರು ಮುಖ್ಯೋಪಾಧ್ಯಾಯರೇಕೆ ಆಗಲಿಲ್ಲವೆಂದು ಈ ಅಭಿನಂದನ ಸಂಪುಟವನ್ನು ಓದುವವರು ಕೇಳಬಹುದು. ಉತ್ತರ ಆ ಶಾಲೆಯ ಗೋಡೆಯ ಮೇಲೆ ಇಂದಿಗೂ ತೂಗುತ್ತಿದೆ.

೧೯೨೬ರಲ್ಲಿ ಇನ್‌ಸ್ಪೆಕ್ಟರರು ಬರುವರೆಂದು ತಿಳಿದಾಗ ಚಲುವಯ್ಯನವರು ಸಂಖ್ಯಾಸ್ಥಾನಗಳ ಪಟವೊಂದನ್ನು ಮಾಡಿಸಿದರು. ಏಕ, ದಶ, ಶತದಿಂದ ಹಿಡಿದು ಪರಾರ್ಧದವರೆಗೆ ಹದಿನೆಂಟು ಹೆಸರು. ಬಟ್ಟೆಗೆ ಗೆರೆ ಎಳೆದುಕೊಟ್ಟವನು ನಾಟಕದ ಪರದೆ ಬರೆಯುವ ಮುನಿಆಂಜನಪ್ಪ. ಎಣಿಕೆ ತಪ್ಪಿ ಅವನು ಹತ್ತೊಂಬತ್ತು ಚೌಕ ಎಳೆದಿದ್ದ.

"ಖಾಲಿ ಮನೆ ಬಿಟ್ರೆ ಶುಭ ಅಲ್ಲ ಮೇಷ್ಟ್ರೇ, ಏನಾರ ತುಂಬಿ" ಎಂದು ಹೇಳಿ ಕುಂಚ ಒರೆಸಿಕೊಂಡು ಹೊರಟುಹೋದ.

ಬೆಳಗಾದರೆ ತಪಾಸಣೆ. ಚಲುವಯ್ಯನವರು ಪಟದ ಮುಂದೆ ನಿಂತರು. ಜಲಧಿ ಇತ್ತು, ಮಹಾಪದ್ಮ ಇತ್ತು. ಕಿಟಕಿಯಾಚೆ ಹಲಸೂರು ಕೆರೆ ಹೊಳೆಯುತ್ತಿತ್ತು. ಕೊನೆಯ ಚೌಕದಲ್ಲಿ 'ಸರೋವರ' ಎಂದು ಬರೆದುಬಿಟ್ಟರು.

"ಇದೊಂದು ಹೆಸರು ನಾನು ಕೇಳಿರಲಿಲ್ಲ ನೋಡಿ" ಎಂದರು ಇನ್‌ಸ್ಪೆಕ್ಟರರು. ನಿಜ ಹೇಳುವ ಗಳಿಗೆ ಅದಾಗಿತ್ತು. ಚಲುವಯ್ಯನವರು ಕೈಮುಗಿದು ಮುಂದಿನ ತರಗತಿಗೆ ದಾರಿ ತೋರಿಸಿದರು. ಮುಂದಿನ ವರ್ಷ ಆ ಪಟ್ಟಿ ಉಪಾಧ್ಯಾಯರ ಕೈಪಿಡಿಯಲ್ಲಿ ಅಚ್ಚಾಯಿತು. ಹತ್ತಾರು ಶಾಲೆಗಳ ಮಕ್ಕಳು ಪ್ರತಿ ಬೆಳಿಗ್ಗೆ ಪ್ರಾರ್ಥನೆಯ ನಂತರ ಅದನ್ನು ರಾಗವಾಗಿ ಹೇಳತೊಡಗಿದರು. 'ಸರೋವರ' ಎಂಬಲ್ಲಿ ದನಿ ಏರುತ್ತಿತ್ತು. ಆ ಪದ ಬಂದಾಗಲೆಲ್ಲ ಮೇಷ್ಟರು ಹಾಜರಿ ಪುಸ್ತಕದ ಕಡೆ ತಿರುಗುತ್ತಿದ್ದರು.

ಹದಿಮೂರು ವರ್ಷಗಳ ಮೇಲೆ ಅದನ್ನು ಕೆದಕಿದವಳು ಕಮರುನ್ನೀಸಾ. ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬಟ್ಟೆ ಮಾರುವ ಅಹ್ಮದ್ ಪಾಷಾರ ಮಗಳು.

"ಸಾರ್, ಜಲಧಿ ಅಂದ್ರೆ ಸಮುದ್ರ ಅಲ್ವಾ? ಸಮುದ್ರಕ್ಕಿಂತ ಕೆರೆ ಹೆಂಗೆ ದೊಡ್ಡದಾಯ್ತು?"

ತರಗತಿ ಗೊಳ್ಳೆಂದು ನಕ್ಕಿತು. ಅವಳು ಬಿಡಲಿಲ್ಲ. "ನಮ್ಮ ಅಬ್ಬಾ ಅರಬ್ ಅಂತಾರೆ, ಅದು ನೂರು ಕೋಟಿ. ಇಲ್ಲಿ ಅರ್ಬುದ ಹತ್ತೇ ಕೋಟಿ. ಯಾವ್ದು ಸರಿ ಸಾರ್?"

"ಕೂತ್ಕೋ" ಎಂದರು ಮೇಷ್ಟರು. ಸಂಜೆ ಮಾತ್ರ ಕರೆದು ಹೇಳಿದರು. ಲಕ್ಷ, ಕೋಟಿಗಳನ್ನು ಸಂತೆಯಲ್ಲಿ, ಕಚೇರಿಯಲ್ಲಿ, ಮಸೀದಿಯಲ್ಲಿ, ಮಠದಲ್ಲಿ ಎಲ್ಲರೂ ಒಂದೇ ಅರ್ಥದಲ್ಲಿ ಆಡುತ್ತಾರೆ. ಕೋಟಿ ದಾಟಿದ ಮೇಲೆ ಪಟ್ಟಿಗೊಂದು ದಾರಿ. ಯಾರ ಪಟ್ಟಿಯೆಂದು ಕೇಳದೆ ಯಾವ ಹೆಸರನ್ನೂ ನಂಬಬಾರದು. ಇಷ್ಟು ಹೇಳಿದವರು ಹತ್ತೊಂಬತ್ತನೆಯ ಚೌಕದ ವಿಷಯ ಎತ್ತಲಿಲ್ಲ.

೧೯೪೦ರ ಏಪ್ರಿಲಿನಲ್ಲಿ ದತ್ತಿಸಮಿತಿಯೊಂದು ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನದ ಪರೀಕ್ಷೆ ನಡೆಸಿತು. ಒಂದರ ಮುಂದೆ ಹದಿನೆಂಟು ಸೊನ್ನೆ ಇಟ್ಟರೆ ಆ ಸಂಖ್ಯೆಯ ಹೆಸರೇನು ಎಂಬುದು ಎರಡು ಅಂಕದ ಪ್ರಶ್ನೆ. ಕಮರುನ್ನೀಸಾ ಬರೆದಳು: 'ಹತ್ತು ಪರಾರ್ಧ. ಎಲ್ಲರೂ ಒಪ್ಪಿದ ಬೇರೆ ಹೆಸರು ಇದಕ್ಕೆ ಇದ್ದಂತಿಲ್ಲ.' ಕೈಪಿಡಿ ನೋಡಿ ತಿದ್ದಿದವರು ಸೊನ್ನೆ ಹಾಕಿದರು. ಶಾಲೆಗೆ ಬಂದ ಕರಡು ಪಟ್ಟಿಯಲ್ಲಿ ಒಂದು ಅಂಕದಿಂದ ಅವಳಿಗೆ ವೇತನ ತಪ್ಪಿತ್ತು.

ಭಾನುವಾರ ಬೆಳಿಗ್ಗೆ ಅಹ್ಮದ್ ಪಾಷಾ ಮೇಷ್ಟರ ಮನೆಗೆ ಬಂದರು. ಜಗಲಿಯಲ್ಲಿ ಕೂರಲಿಲ್ಲ.

"ನಾನು ಕಟುಕ ಅಲ್ಲ ಮೇಷ್ಟ್ರೇ. ಹೈಸ್ಕೂಲಿಗೆ ಹಾಕೋ ತಾಕತ್ತು ನಂಗಿಲ್ಲ, ಅಷ್ಟೇ. ಕೋಲಾರದಲ್ಲಿ ಹುಡುಗ ನೋಡಿದೀನಿ. ನಾಳೆ ಆ ವೇತನದ ಪಟ್ಟಿಗೆ ಮೊಹರು ಬಿತ್ತು ಅಂದ್ರೆ, ಶುಕ್ರವಾರ ನಮಾಜ್ ಮುಗಿಸಿ ಮಾತು ಕೊಟ್ಬಿಡ್ತೀನಿ." ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: "ಅವಳು ಅಳ್ತಾ ಇಲ್ಲ ರೀ. ನಂಗೆ ಅದೇ ಭಯ."

ಅವರು ಹೋದಮೇಲೆ ಚಲುವಯ್ಯನವರು ತಟ್ಟೆಯ ಮುಂದೆ ಕುಳಿತರು, ಊಟ ಮಾಡಲಿಲ್ಲ. ಅವರ ಹೆಂಡತಿ ಅಂಜಿನಮ್ಮನವರಿಗೆ ಪಟದ ಕಥೆ ಗೊತ್ತಿತ್ತು.

"ಈ ವಾರ ನಿಮ್ಮ ಹೆಡ್ಮಾಸ್ಟರ್ ಆರ್ಡರು ಆಗ್ಬೇಕು. ಅದಕ್ಕೂ ಆ ಸಮಿತಿ ಅಧ್ಯಕ್ಷರೇ ತಾನೆ ಸೈನು ಹಾಕೋದು?"

"ಹೂಂ."

"ಹದಿನಾಲ್ಕು ವರ್ಷ ಯಾರೂ ಕೇಳ್ಲಿಲ್ಲ."

"ಆ ಮಗು ಕೇಳ್ತು. ನಾನು ಕೂತ್ಕೋ ಅಂದೆ."

ಅಂಜಿನಮ್ಮನವರು ತಟ್ಟೆ ಎತ್ತಿದರು. "ಹಂಗಿದ್ರೆ ಹೋಗ್ಬನ್ನಿ. ಕೋಟು ಒಗೆದಿಲ್ಲ, ಅದೇ ಹಾಕ್ಕೊಳ್ಳಿ."

ಸೋಮವಾರ ಹನ್ನೊಂದಕ್ಕೆ ಮೊಹರು. ಹತ್ತೂವರೆಗೆ ಚಲುವಯ್ಯನವರು ಪಟವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ಸಮಿತಿಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆಯುವಷ್ಟರಲ್ಲಿ ಹನ್ನೊಂದಕ್ಕೆ ಐದು ನಿಮಿಷ. ಮೇಜಿನ ಮೇಲೆ ಮೇಣದಬತ್ತಿ ಹೊತ್ತಿತ್ತು. ಅದರ ಮೇಲೆ ಗುಮಾಸ್ತ ಅರಗು ಕರಗಿಸುತ್ತಿದ್ದ.

"ಏನ್ರೀ ಚಲುವಯ್ಯ, ಆರ್ಡರಿಗೆ ಇಷ್ಟು ಅವಸರಾನಾ?" ಎಂದು ಅಧ್ಯಕ್ಷರಾದ ಅಂಜನಮೂರ್ತಿಯವರು ನಕ್ಕರು.

ಚಲುವಯ್ಯನವರು ಪಟ ಬಿಡಿಸಿ ಕೊನೆಯ ಚೌಕದ ಮೇಲೆ ಬೆರಳಿಟ್ಟರು. "ಈ ಹೆಸರು ಯಾವ ಗ್ರಂಥದಲ್ಲೂ ಇಲ್ಲ ಸ್ವಾಮಿ. ನಾನು ಹುಟ್ಟಿಸಿದ್ದು. ಆ ಹುಡುಗಿ ಬರೆದಿದ್ದೇ ಸರಿ."

ಗುಮಾಸ್ತನ ಕೈ ನಿಂತಿತು. ಅಧ್ಯಕ್ಷರ ನಗು ಹೋಯಿತು.

"ಹದಿನಾಲ್ಕು ವರ್ಷದಿಂದ ಸಾವಿರಾರು ಮಕ್ಕಳು ಹೇಳ್ತಾ ಇದಾರೆ. ಇನ್ನೂ ಒಪ್ಪಿತ ಆಗ್ಲಿಲ್ವೇನ್ರೀ?"

"ಬಾಯಿಪಾಠ ಆಗಿದೆ, ಬಳಕೆ ಆಗಿಲ್ಲ. ಕೋಟಿ ಅನ್ನೋ ಮಾತನ್ನ ಯಾರೂ ಪರೀಕ್ಷೆ ಇಟ್ಟು ಕಲಿಸ್ಲಿಲ್ಲ, ಜನಕ್ಕೆ ಬೇಕಿತ್ತು, ನಿಂತಿತು. ಇದನ್ನ ನಾನು ಹೊಡೆದರೆ ಹೇಳ್ತಾರೆ, ಶಾಲೆ ಬಿಟ್ಟರೆ ಮರೀತಾರೆ."

"ಇದನ್ನ ಬರೆದುಕೊಟ್ರೆ ನಿಮಗೇನಾಗುತ್ತೆ ಗೊತ್ತಲ್ಲ?"

"ಕಾಗದ ಕೊಡಿ ಸ್ವಾಮಿ" ಎಂದರು ಚಲುವಯ್ಯನವರು.

ನಾಲ್ಕು ಸಾಲು ಬರೆದು ರುಜು ಹಾಕಿದರು. ಅಧ್ಯಕ್ಷರು ಓದಿ, ಗಡಿಯಾರ ನೋಡಿ, ವೇತನದ ಪಟ್ಟಿಯನ್ನು ಮತ್ತೆ ಎಳೆದುಕೊಂಡರು. ಆ ಪ್ರಶ್ನೆಗೆ ಹಾಗೆ ಬರೆದ ಒಬ್ಬಳೇ ಹುಡುಗಿಗೆ ಎರಡು ಅಂಕ ಸೇರಿತು. ಆಮೇಲೆ ಅರಗು ಬಿತ್ತು.

ಮುಖ್ಯೋಪಾಧ್ಯಾಯರ ಹುದ್ದೆ ಬೇರೊಬ್ಬರಿಗೆ ಹೋಯಿತು. ಚಲುವಯ್ಯನವರಿಗೆ ಬಂದದ್ದು ಛೀಮಾರಿಯ ಪತ್ರ. ಅದನ್ನು ಅವರು ಪಟದ ಹಿಂಬದಿಗೆ ಅಂಟಿಸಿದರು. ಮರುದಿನ ಕುರ್ಚಿ ಹತ್ತಿ, ಮಕ್ಕಳೆದುರಿಗೇ ಕೊನೆಯ ಚೌಕಕ್ಕೆ ಸುಣ್ಣ ಬಳಿದು, ಕಾರಣ ಹೇಳಿದರು. ಯುದ್ಧದ ಕಾಲದಲ್ಲಿ ದಂಡಿಗೆ ಅಮೆರಿಕದ ಸಿಪಾಯಿಗಳು ಬಂದಾಗ, ಇಂಗ್ಲಿಷರ ಬಿಲಿಯನ್ನಿಗೂ ಇವರ ಬಿಲಿಯನ್ನಿಗೂ ಸಾವಿರ ಪಟ್ಟು ಅಂತರವೆಂದು ತಿಳಿದು ಮೇಷ್ಟರು ಮಗುವಿನಂತೆ ಸಂತೋಷಪಟ್ಟರು. "ನೋಡಿದ್ರಾ, ದೊರೆಗಳಲ್ಲೂ ಜಗಳ ಇದೆ!" ಎಂದು ಒಂದು ವಾರ ಕಂಡಕಂಡವರಿಗೆ ಹೇಳಿದರು.

ಕಮರುನ್ನೀಸಾ ಹೈಸ್ಕೂಲು ದಾಟಿ ಬಿ.ಎ. ಮುಗಿಸಿದಳು. ಮದುವೆಯಾದ ಏಳನೆಯ ತಿಂಗಳಿಗೆ, ಹೋದ ವರ್ಷ, ಗಂಡ ತೀರಿಕೊಂಡ. ಚಲುವಯ್ಯನವರು ಬಂದು, ಅವಳು ಕುಳಿತಿದ್ದ ಕೋಣೆಯ ಬಾಗಿಲ ಪರದೆಯ ಹೊರಗೆ, ಅಹ್ಮದ್ ಪಾಷಾರ ಪಕ್ಕದಲ್ಲಿ ಕುಳಿತರು. ಹೊರಡುವಾಗ ತಾವು ಬರೆಯುತ್ತಿದ್ದ ಅಂಕಗಣಿತದ ಹಸ್ತಪ್ರತಿಯನ್ನು ಪರದೆಯ ಕೆಳಗೆ ಒಳಕ್ಕೆ ಸರಿಸಿದರು.

"ತಪ್ಪಿದ್ರೆ ಗುರುತು ಹಾಕಮ್ಮ. ನನ್ನ ತಪ್ಪು ನಿನಗೇ ಸಿಗೋದು."

ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಆ ನಾಲ್ಕು ತಿಂಗಳು ಅವಳು ಮಾಡಿದ ಕೆಲಸ ಅದೊಂದೇ. ತಪ್ಪುಗಳು ಹನ್ನೊಂದು ಸಿಕ್ಕವು.

ಆ ಪುಸ್ತಕದ ಎರಡನೆಯ ಭಾಗವನ್ನು ಚಲುವಯ್ಯನವರು ಇನ್ನೂ ಬರೆಯಬೇಕಾಗಿದೆ, ತಿದ್ದುವವರು ಕಾದಿದ್ದಾರೆ. ಇಂಥ ಸಂದರ್ಭದಲ್ಲಿ ಕೋಟಿ ವರ್ಷ ಬಾಳಿರೆಂದು ಹರಸುವ ರೂಢಿಯುಂಟು, ಆದರೆ ಅಳತೆಗೆ ನಿಲ್ಲದ ಮಾತನ್ನು ಅವರು ಒಪ್ಪುವುದಿಲ್ಲ. ಆದುದರಿಂದ ಅವರ ಶಿಷ್ಯರು ಕೇಳಿಕೊಳ್ಳುವುದು ಇಷ್ಟೇ: ಅವರು ನೂರು ವರ್ಷ ಬಾಳಲಿ. ನೂರೆಂಬ ಆ ಹೆಸರಿಗೆ ಯಾರ ತಕರಾರೂ ಇಲ್ಲ.