ಮೋಸ ಅಲ್ಲ, ನೋವು

ಫ್ಲೋರಿನ್ ಬಾಯಿ, ಆ ಉತ್ತರ ನಿಮ್ಮದು. ಹನ್ನೆರಡು ವರ್ಷ ಅದನ್ನು ನನ್ನದೆಂದು ಹೇಳಿಕೊಂಡು ಬಂದೆ.

ಇವತ್ತು ಸಿಡ್ನಿಯಿಂದ ಮೊಮ್ಮಗಳು ಸ್ಮಿತಾ ಫೋನ್ ಮಾಡಿದ್ದಳು — ಟೀಚರ್ ಕೆಲಸ ಸಿಕ್ಕಿದೆಯಂತೆ. ಖುಷಿಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ. ಆಮೇಲೆ ಅವಳು ಅಂದಳು: "ಸೋಮವಾರ ಫಸ್ಟ್ ಡೇ ಅಜ್ಜಿ. ಕ್ಲಾಸಲ್ಲಿ ನಿನ್ ಬಗ್ಗೆನೇ ಹೇಳ್ತೀನಿ. ಆ ಕ್ವಿಜ್ ಸ್ಟೋರಿ."

ಅಷ್ಟು ಹೊತ್ತಿನ ಸಂತೋಷ ಅಲ್ಲೇ ಕುಸಿದು ಕೂತಿತು. ನಿಮಗೆ ನೆನಪಿದೆಯೇ ಎಂದು ಕೇಳೋಣವೆಂದರೆ — ನೀವು ತೀರಿಹೋಗಿ ಮೂರು ವರ್ಷ.

ಆಗ ಮೆಲ್ಬರ್ನ್‌ನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಮರದ ಬೇಲಿ. ನೀವು ಮಂಗಳೂರಿನಲ್ಲಿ ಟೀಚರ್ ಕೆಲಸ ಮಾಡಿದವರು; ನಾನು ಎರಡನೇ ಕ್ಲಾಸು ದಾಟದವಳು. ಕನ್ನಡ ಸಂಘದವರು ಮಕ್ಕಳಿಗೆ ಕ್ವಿಜ್ ಪ್ರಶ್ನೆಗಳ ಹಾಳೆ ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಉತ್ತರ ಬರೆದು ತನ್ನಿ ಎಂದಿದ್ದರು. ಮಗ, ಸೊಸೆ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗಿಗೆ ಸಿಕ್ಕ ಹಿರಿಯಳು ನಾನೊಬ್ಬಳೇ. ಗೊತ್ತಿಲ್ಲ ಎನ್ನಲು ನಾಚಿಕೆ. "ಇರು, ಯೋಚನೆ ಮಾಡ್ತೀನಿ" ಎಂದು, ಬಟ್ಟೆ ಒಣಹಾಕುವ ನೆಪದಲ್ಲಿ ನಿಮ್ಮ ಬೇಲಿಯ ಹತ್ತಿರ ಬರುತ್ತಿದ್ದೆ.

ಬೈಬಲಿನ ಮೋಸೆಸ್ ತನ್ನ ಹಡಗಿಗೆ ಒಂದೊಂದು ಜಾತಿಯ ಪ್ರಾಣಿಯನ್ನು ಎಷ್ಟೆಷ್ಟು ಹತ್ತಿಸಿಕೊಂಡ ಎಂಬುದು ಕೊನೆಯ ಪ್ರಶ್ನೆ. ನೀವು ನಕ್ಕುಬಿಟ್ಟಿರಿ.

"ಪ್ರಶ್ನೆಯಲ್ಲೇ ಮೋಸ ಉಂಟು ನಂಜಮ್ಮನವರೇ. ಹಡಗು ಮೋಸೆಸ್‌ನದ್ದಲ್ಲ, ನೋವಾನದ್ದು. ಮರೆತುಹೋದರೆ 'ಮೋಸ ಅಲ್ಲ, ನೋವು' ಅಂತ ಇಟ್ಟುಕೊಳ್ಳಿ, ಆಯ್ತಾ?"

ಅದನ್ನೇ ಜಪಿಸುತ್ತ ಒಳಗೆ ಬಂದೆ.

ಉಳಿದ ಮಕ್ಕಳೆಲ್ಲ ಎರಡೆರಡು ಎಂದು ಬರೆದಿದ್ದರು. ಬಹುಮಾನ ಸ್ಮಿತಾಗೆ ಬಂತು. ಅವಳು ಮೈಕಿನಲ್ಲಿ "ಮೈ ಅಜ್ಜಿ ನೋಸ್ ಎವ್ರಿಥಿಂಗ್" ಎಂದಾಗ ಸಭೆಯೆಲ್ಲ ನನ್ನ ಕಡೆ ತಿರುಗಿತು. "ಬೈಬಲ್ ಕಥೆ ನಿಮಗೆ ಹೇಗೆ ಗೊತ್ತು ಆಂಟಿ?" ಎಂದು ಯಾರೋ ಕೇಳಿದರು. ನೀವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ನಿಮ್ಮ ಕಡೆ ಒಂದು ಸಲ ಕೈ ತೋರಿಸಿದ್ದರೂ ಸಾಕಿತ್ತು —

"ಚಿಕ್ಕಂದಿನಲ್ಲಿ ಓದಿದ್ದೆ" ಎಂದೆ.

ಎಲ್ಲರ ಜೊತೆ ನೀವೂ ಚಪ್ಪಾಳೆ ತಟ್ಟಿದಿರಿ.

ಮುಂದಿನ ವಾರ ಸ್ಮಿತಾ ತಾನೇ ಬೇಲಿಯ ಬಳಿ ನಿಂತು ನಿಮ್ಮನ್ನು ಏನೋ ಕೇಳಿದಳು. "ನಿನ್ನ ಅಜ್ಜಿಯನ್ನು ಕೇಳು ಮಗಾ. ಅವರು ಓದಿದವರು" ಎಂದಿರಿ. ಅದರಲ್ಲಿ ಕೊಂಕಿತ್ತೋ, ಇಲ್ಲವೋ — ಇವತ್ತಿಗೂ ತಿಳಿಯದು. ನಾನು ಬಟ್ಟೆಯನ್ನು ಮುಂದಿನ ವರಾಂಡದಲ್ಲಿ ಒಣಹಾಕತೊಡಗಿದೆ. ನೀವು ಮಗನ ಜೊತೆ ಸಿಡ್ನಿಗೆ ಹೊರಟ ದಿನ ನಮ್ಮ ಬಾಗಿಲು ತಟ್ಟಿದಿರಿ. ನಾನು ಪರದೆಯ ಹಿಂದೆ ನಿಂತೇ ಇದ್ದೆ.

ಮೋಸ ಬಿಟ್ಟು ನೋವು ನೆನಪಿಡಿ ಎಂದಿದ್ದಿರಿ. ನನ್ನ ಬಳಿ ಎರಡೂ ಉಳಿದವು.

ಭಾನುವಾರ ಸ್ಮಿತಾ ಮತ್ತೆ ಫೋನ್ ಮಾಡುತ್ತಾಳೆ. ಅವಳ ಕಣ್ಣಲ್ಲಿ ನಾನು ಸಣ್ಣವಳಾಗಬಹುದು — ಆಗಲಿ. ಅವಳು ಆ ಕ್ಲಾಸಿಗೆ ಕಾಲಿಡುವ ಮೊದಲು ಹೇಳುತ್ತೇನೆ: ಓದಿದ್ದವರು ಫ್ಲೋರಿನ್ ಬಾಯಿ ಕಣೇ, ನಾನಲ್ಲ.